ಎಲ್ಲದಕ್ಕೂ ‘ಅಶ್ಲೀಲ’ ಎಂಬ ಒಂದೇ ಪದ ಸಾಕೇ?

ಪರ

ಸಾಕು. ಅದಕ್ಕಿಂತ ಸರಿಯಾದ ಪದ ನಮ್ಮ ಹತ್ತಿರ ಇನ್ನೊಂದಿಲ್ಲ.

ಇದರ ಹುಟ್ಟು ನೋಡಿ. ಸಂಸ್ಕೃತದಲ್ಲಿ ‘ಶ್ರೀ’ ಎಂದರೆ ಸಿರಿ, ಚೆಲುವು, ಕಳೆ. ಶ್ರೀ ಇರುವುದು ಶ್ರೀಲ. ಅದರ ರಕಾರ ಲಕಾರವಾಗಿ ಶ್ಲೀಲ, ಅದಿಲ್ಲದ್ದು ಅಶ್ಲೀಲ. ಅಂದರೆ ಮೂಲದಲ್ಲಿ ಇದು ಬೈಯುವುದೇ ಇಲ್ಲ, ಕಳೆ ಇಲ್ಲ ಅಂತಷ್ಟೇ ಹೇಳುತ್ತದೆ.

ಬೇರೆ ಪದಗಳನ್ನು ಹಿಡಿದು ನೋಡಿ. ಹೊಲಸು, ಕೊಳಕು ಎನ್ನುವಾಗ ಆಗಲೇ ಮೂಗು ಮುಚ್ಚಿಕೊಂಡಿರುತ್ತೇವೆ. ಪೋಲಿ ಎಂದರೆ ಅರ್ಧ ನಗು ಸೇರಿರುತ್ತದೆ. ಅಸಭ್ಯ ಎಂಬುದು ನಡತೆಗೆ ಸೇರಿದ್ದು, ನಾಲ್ಕು ಜನರ ಮುಂದೆ ಸುಮ್ನೆ ಕಿರುಚಾಡಿದರೂ ಅಸಭ್ಯವೇ. ಅವಾಚ್ಯ ಎಂದರೆ ಬಾಯಿಬಿಟ್ಟು ಹೇಳಬಾರದ್ದು, ಅದು ಚಿತ್ರಕ್ಕೆ ಒಗ್ಗುವುದಿಲ್ಲ. ನಿಘಂಟಿನಲ್ಲಿ ಗ್ರಾಮ್ಯ ಎಂಬುದೂ ಸಿಗುತ್ತದೆ. ಅದನ್ನಂತೂ ಈ ಅರ್ಥದಲ್ಲಿ ಬಳಸಲೇಬಾರದು, ಹಳ್ಳಿಯವರ ಮಾತೆಲ್ಲ ಕೀಳು ಎಂದ ಹಾಗಾಗುತ್ತದೆ. ಮಾತು, ಬರಹ, ಚಿತ್ರ, ಸನ್ನೆ ಎಲ್ಲಕ್ಕೂ ಹೊಂದುವುದು ಅಶ್ಲೀಲ ಒಂದೇ.

ಕಾನೂನಿಗೂ ಇಂಥ ತಣ್ಣನೆಯ ಪದ ಬೇಕು. ಬೈಗುಳ, ಒರಟು ಮಾತು ಇದ್ದ ಮಾತ್ರಕ್ಕೆ ಅದು ಅಶ್ಲೀಲ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೇಳಿತು. ‘ಹೊಲಸು’ ಎಂಬ ಪದ ಇಟ್ಟುಕೊಂಡು ಈ ಗೆರೆ ಎಳೆಯಲು ಆಗುತ್ತಿತ್ತಾ?

ವಿರೋಧ

ಹುಟ್ಟಿನ ಕಥೆ ನಿಜ. ಆದರೆ ಪದ ಈಗ ಅಲ್ಲಿಲ್ಲ.

ಹಳೆಯ ಅಲಂಕಾರಶಾಸ್ತ್ರದಲ್ಲಿ ಅಶ್ಲೀಲ ಎಂಬುದು ಕಾವ್ಯದ ಒಂದು ದೋಷ. ಅದರಲ್ಲಿ ಮೂರು ಬಗೆ: ನಾಚಿಕೆ ತರುವುದು, ಹೇಸಿಗೆ ಹುಟ್ಟಿಸುವುದು, ಅಮಂಗಲ ಸೂಚಿಸುವುದು. ಸಾವನ್ನು ನೆನಪಿಸುವ ಪದ ಸಲ್ಲದ ಕಡೆ ಬಂದರೆ ಅದೂ ಅಶ್ಲೀಲವೇ! ಇವತ್ತು ನಮ್ಮ ಬಾಯಲ್ಲಿ ಉಳಿದಿರುವುದು ಹೆಚ್ಚಾಗಿ ಮೊದಲನೆಯದು, ನಾಚಿಕೆ. ಆ ನಾಚಿಕೆ ಯಾರ ತಲೆಗೆ ಬೀಳುತ್ತಿದೆ ಎಂಬುದೇ ನನ್ನ ತಕರಾರು.

ಒಬ್ಬ ಹುಡುಗಿಯ ಖಾಸಗಿ ಚಿತ್ರವನ್ನು ಯಾರೋ ಕದ್ದು ತೆಗೆದು ಊರಿಗೆಲ್ಲ ಹಂಚುತ್ತಾನೆ. ಸುದ್ದಿಯ ತಲೆಬರಹ ‘ಯುವತಿಯ ಅಶ್ಲೀಲ ಚಿತ್ರ ವೈರಲ್’. ಇನ್ನೊಮ್ಮೆ ಓದಿ. ಅಶ್ಲೀಲ ಎಂಬುದು ಯಾರಿಗೆ ಅಂಟಿತು? ಕದ್ದವನಿಗಲ್ಲ, ಅವಳ ಮೈಗೆ. ಸ್ನಾನ ಮಾಡುವುದರಲ್ಲಿ, ಬಟ್ಟೆ ಬದಲಿಸುವುದರಲ್ಲಿ ಅಶ್ಲೀಲ ಏನಿದೆ? ತಪ್ಪು ಇರುವುದು ಕೇಳದೆ ತೆಗೆದದ್ದರಲ್ಲಿ, ಹಂಚಿದ್ದರಲ್ಲಿ. ಇಂಥ ತಲೆಬರಹ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಅವಳೂ ಅದನ್ನು ಓದುತ್ತಾಳೆ, ಅವಳ ಅಪ್ಪ ಅಮ್ಮನೂ ಓದುತ್ತಾರೆ.

ಕಾನೂನಿನ ಮಾತು ಬಂತಲ್ವಾ, ಅದನ್ನೂ ನೋಡೋಣ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿ ಅಶ್ಲೀಲತೆಗೆ 67ನೇ ಸೆಕ್ಷನ್ ಇದೆ. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆದರೆ, ಹಂಚಿದರೆ ಬೇರೆಯೇ ಸೆಕ್ಷನ್, 66ಇ. 3 ವರ್ಷದವರೆಗೆ ಜೈಲು. ಅಲ್ಲಿ ಕೇಳುವುದು ಒಪ್ಪಿಗೆ ಇತ್ತಾ ಎಂದು. ಕಾನೂನು ಬೇರೆ ಮಾಡಿಟ್ಟದ್ದನ್ನು ನಾವು ಬರೆಯುವವರು ಮತ್ತೆ ಕಲಸುತ್ತಿದ್ದೇವೆ.

‘ಅಶ್ಲೀಲವಾಗಿ ಮಾತನಾಡಿದ’ ಎಂಬುದೂ ಹಾಗೆಯೇ. ಪೋಲಿ ಜೋಕು ಹೇಳಿದನಾ, ಮೈ ಬಗ್ಗೆ ಆಡಿಕೊಂಡನಾ, ಬೆದರಿಸಿದನಾ? ಮೂರೂ ಒಂದೇ ಅಲ್ಲ. ಬೆದರಿಸಿದ್ದರೆ ಬೆದರಿಸಿದ ಎಂದೇ ಬರೆಯಿರಿ. ಆ ಹುಡುಗಿಯ ಸುದ್ದಿಗೆ ‘ಒಪ್ಪಿಗೆ ಇಲ್ಲದೆ ತೆಗೆದ ಖಾಸಗಿ ಚಿತ್ರ ಹಂಚಿದವನ ಬಂಧನ’ ಎಂದು ಹಾಕಿ. ಮೂರು ಪದ ಜಾಸ್ತಿ ಆಗುತ್ತದೆ, ಆಗಲಿ.