ಹಳ್ಳಿ ಡಾಕ್ಟರಿಗೆ ಫಿಸಿಯಾಲಜಿ ಯಾಕೆ ಅನ್ನುವವರಿಗೆ

ನಮ್ಮ ಕಡೆಯ ಮಕ್ಕಳು ಮೆಡಿಕಲ್ ಸೇರುವುದು ಈಗ ಅಪರೂಪವಲ್ಲ. ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಈಚೆಗೆ ಚಿಕ್ಕಮಗಳೂರಿನಲ್ಲೂ ಆಗಿದೆ. ಆ ಮಕ್ಕಳ ಅಪ್ಪ ಅಮ್ಮಂದಿರು ಸಿಕ್ಕಾಗೆಲ್ಲ ಒಂದೇ ದೂರು. 'ಫಸ್ಟ್ ಇಯರ್ ಪೂರ್ತಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಅಂತ ಉರು ಹೊಡೆಸ್ತಾರೆ ಸಾರ್. ನಾಳೆ ಊರಿಗೆ ಬಂದು ಜ್ವರ, ಕೆಮ್ಮು ನೋಡೋದಕ್ಕೆ ಇಷ್ಟೆಲ್ಲ ಬೇಕಾ?' ನನ್ನ ಜತೆಯ ಕೆಲವು ಡಾಕ್ಟರುಗಳೂ ಇದೇ ಮಾತಾಡುತ್ತಾರೆ.

ಸಕಲೇಶಪುರದ ಕಡೆ ವರ್ಷಗಟ್ಟಲೆ ರೋಗಿಗಳನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಇದಕ್ಕೆ ಪೂರಾ ವಿರುದ್ಧ. ದೊಡ್ಡೂರಿನ ಸ್ಪೆಷಲಿಸ್ಟಿಗಿಂತ ಹಳ್ಳಿ ಡಾಕ್ಟರಿಗೇ ಫಿಸಿಯಾಲಜಿಯಂಥ ಈ ಬೇಸಿಕ್ ಸೈನ್ಸ್ ಹೆಚ್ಚು ಬೇಕು. ಅಲ್ಲಿ ಅನುಮಾನ ಬಂದರೆ ಸ್ಕ್ಯಾನ್ ಇದೆ, ಲ್ಯಾಬ್ ಇದೆ, ಪಕ್ಕದ ರೂಮಿನಲ್ಲಿ ಇನ್ನೊಬ್ಬ ಡಾಕ್ಟರಿದ್ದಾರೆ. ಇಲ್ಲಿ ಆಷಾಢದ ಮಳೆಯಲ್ಲಿ ಕರೆಂಟ್ ಹೋದ ರಾತ್ರಿ, ದೇಹ ಹೇಗೆ ಕೆಲಸ ಮಾಡುತ್ತೆ ಅನ್ನುವ ತಿಳಿವಳಿಕೆ ಬಿಟ್ಟರೆ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಹಾವು ಕಡಿತವನ್ನೇ ತಗೊಳ್ಳಿ. ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತೆ. ಅದನ್ನು ಪತ್ತೆ ಹಚ್ಚುವ ಪರೀಕ್ಷೆಗೆ ಮೆಷಿನ್ ಬೇಡ. ಒಣಗಿದ, ಚೊಕ್ಕ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಬಗ್ಗಿಸಿ ನೋಡುವುದು. ಒಂದು ಸಲ ತೋಟದ ಕೆಲಸದ ಹೆಂಗಸೊಬ್ಬರ ರಕ್ತ ಹೆಪ್ಪುಗಟ್ಟಲಿಲ್ಲ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಬಾಟಲಿಗಳನ್ನು ತೆಗೆದಿಟ್ಟಾಗಿತ್ತು. ಆಗತಾನೆ ಡ್ಯೂಟಿಗೆ ಬಂದ ಹುಡುಗಿ ಟ್ಯೂಬನ್ನು ಕೈಗೆ ತಗೊಂಡು, 'ಸಾರ್, ಇದು ಪ್ಲಾಸ್ಟಿಕ್. ಗಾಜಿನದರಲ್ಲಿ ಇನ್ನೊಂದು ಸಲ ನೋಡೋಣ' ಅಂದಳು. ನೋಡಿದೆವು. ಹೆಪ್ಪು ಗಟ್ಟಿಯಾಗಿ ಕೂತಿತ್ತು. ಗಾಜಿನ ಮೇಲ್ಮೈ ತಗುಲಿದರೆ ಹೆಪ್ಪುಗಟ್ಟುವುದನ್ನು ಶುರುಮಾಡುವ ಫ್ಯಾಕ್ಟರ್ 12 ಅನ್ನುವ ರಕ್ತದ ಪ್ರೋಟೀನ್ ಚುರುಕಾಗುತ್ತೆ, ಪ್ಲಾಸ್ಟಿಕ್ಕಿನಲ್ಲಿ ಹಾಗಾಗುವುದಿಲ್ಲ. ಇದು ಫಸ್ಟ್ ಇಯರ್ ಪಾಠ. ಎಎಸ್‌ವಿಯಿಂದ ಕೆಲವರಿಗೆ ಜೀವಕ್ಕೇ ಕುತ್ತು ಬರುವಂಥ ಅಲರ್ಜಿ ಆಗುತ್ತೆ, ಬೇಡದವರಿಗೆ ಅದನ್ನು ಏರಿಸಬಾರದು. ಆ ಹೆಂಗಸನ್ನು ರಾತ್ರಿಯಿಡೀ ಕಣ್ಣಿಟ್ಟು ನೋಡಿಕೊಂಡು, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ಔಷಧಿ ಇಲ್ಲದೆ ಮನೆಗೆ ಕಳಿಸಿದೆವು.

ಇನ್ನೊಂದು, ತೋಟಕ್ಕೆ ಹೊಡೆಯುವ ಔಷಧಿಯ ವಿಷ. ಕ್ಲೋರ್‌ಪೈರಿಫಾಸ್ ಹೊಡೆಯುವಾಗ ಮೂಗಿಗೆ ಬಟ್ಟೆಯನ್ನೂ ಕಟ್ಟದೆ ಗಾಳಿಗೆ ಎದುರು ನಿಂತು ಮೈಯೆಲ್ಲ ತೊಯ್ಸಿಕೊಂಡವರು ಬರುತ್ತಾರೆ. ಬಾಯಲ್ಲಿ ಜೊಲ್ಲು, ಮೈ ತುಂಬ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಎದೆಯಲ್ಲಿ ಗೊರಗೊರ. ಅಟ್ರೊಪಿನ್ ಕೊಡಬೇಕು ಅಂತ ಎಲ್ಲರಿಗೂ ಗೊತ್ತು. ಎಲ್ಲಿಯತನಕ? ಪಾಪೆ ಅರಳುವತನಕ ಅಂತ ಬಾಯಿಪಾಠ ಮಾಡಿದವರು ಪಾಪೆ ಅರಳಿದೊಡನೆ ನಿಲ್ಲಿಸಿಬಿಡುತ್ತಾರೆ. ಎದೆ ಇನ್ನೂ ಗೊರಗುಟ್ಟುತ್ತಲೇ ಇರುತ್ತೆ. ರೋಗಿ ಸಾಯುವುದು ಪಾಪೆಯಿಂದಲ್ಲ, ಶ್ವಾಸಕೋಶದಲ್ಲಿ ತುಂಬಿದ ನೀರಿನಿಂದ. ಸ್ಟೆತಸ್ಕೋಪಿಗೆ ಎದೆ ತಿಳಿಯಾಗಬೇಕು, ಕಂಕುಳು ಒಣಗಬೇಕು, ನಾಡಿ, ಬಿಪಿ ಏರಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಈ ವಿಷದಿಂದ ಒಡೆಯದೆ ಎಲ್ಲ ಕಡೆ ಶೇಖರವಾಗುತ್ತೆ. ಅದು ಹೋಗಿ ಕೂರುವ ಜಾಗಗಳೇ ರಿಸೆಪ್ಟರುಗಳು, ಅವು ಎರಡು ಬಗೆ. ಗ್ರಂಥಿಗಳಲ್ಲಿರುವುದು ಮಸ್ಕರಿನಿಕ್ ರಿಸೆಪ್ಟರ್, ಅಟ್ರೊಪಿನ್ ಅದನ್ನು ತಡೆಯುತ್ತೆ. ಕೈಕಾಲು, ಕುತ್ತಿಗೆ, ಉಸಿರಾಟದ ಸ್ನಾಯುಗಳಲ್ಲಿರುವುದು ನಿಕೋಟಿನಿಕ್. ಅಲ್ಲಿ ಅಟ್ರೊಪಿನ್ ಎಷ್ಟು ಸುರಿದರೂ ಉಪಯೋಗವಿಲ್ಲ. ಹಾಗಾಗಿ ಮೊದಲ ದಿನ ಚೇತರಿಸಿಕೊಂಡು ಗಂಜಿ ಕುಡಿದವನಿಗೆ ಎರಡು, ಮೂರನೇ ದಿನ ಉಸಿರಾಟ ನಿಲ್ಲಬಹುದು. ಅದಕ್ಕೆ ಮೊದಲು ಸೋಲುವುದು ಕುತ್ತಿಗೆ. 'ದಿಂಬಿನಿಂದ ತಲೆ ಎತ್ತಪ್ಪ' ಅಂದರೆ ಎತ್ತಲಾಗುವುದಿಲ್ಲ. ಅಷ್ಟೇ ಸಾಕು, ವೆಂಟಿಲೇಟರ್ ಇರುವಲ್ಲಿಗೆ ತಕ್ಷಣ ಹೊರಡಿಸಬೇಕು. ಹಾಸನಕ್ಕೆ 40 ಕಿಲೋಮೀಟರ್ ದಾರಿ. ಉಸಿರು ಕಟ್ಟಿದ ಮೇಲೆ ಆಂಬುಲೆನ್ಸ್ ಕರೆದರೆ ಆಗುತ್ತಾ? ರಿಸೆಪ್ಟರುಗಳ ಈ ಎರಡು ಬಗೆ ಗೊತ್ತಿರುವ ಡಾಕ್ಟರು ಎರಡನೇ ದಿನವೂ ತಲೆ ಎತ್ತಿಸಿ ನೋಡುತ್ತಾರೆ. ಗೊತ್ತಿಲ್ಲದವರು ಡಿಸ್ಚಾರ್ಜ್ ಬರೆಯುತ್ತಾರೆ.

ಬಡವರ ಪಾಲಿನ ದೊಡ್ಡ ಔಷಧಿ ಓಆರ್‌ಎಸ್ ಕೂಡ ಬಂದದ್ದು ಲ್ಯಾಬಿನಿಂದಲೇ. ಕರುಳಿನಲ್ಲಿ ಗ್ಲೂಕೋಸ್ ಒಳಗೆ ಹೋಗುವಾಗ ಸೋಡಿಯಮ್ಮನ್ನೂ ಜತೆಗೆ ಎಳೆದೊಯ್ಯುತ್ತೆ ಅಂತ ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ವಿವರಿಸಿದರು. ಆಗ ಅವರ ಮುಂದೆ ಭೇದಿಯ ರೋಗಿ ಯಾರೂ ಇರಲಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಡ್ರಿಪ್ ಬಾಟಲಿಗಳು ಮುಗಿದು, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಭೇದಿಯಾಗುತ್ತಿರುವಾಗಲೂ ಕರುಳು ಆ ನೀರನ್ನು ಹೀರಿಕೊಳ್ಳುತ್ತೆ ಅನ್ನುವ ಅರಿವಿದ್ದದ್ದರಿಂದಲೇ ಅವರಿಗೆ ಆ ಧೈರ್ಯ ಬಂತು.

ಮಕ್ಕಳ ದೂರು ಪೂರ್ತಿ ಸುಳ್ಳು ಅನ್ನುವುದಿಲ್ಲ. ಮೇಲೆ ಹೇಳಿದ್ದನ್ನು ನಮ್ಮ ಕ್ಲಾಸುಗಳಲ್ಲಿ ಪಾಠ ಮಾಡುವ ರೀತಿಯೇ ಬೇರೆ. ಸ್ಲೈಡ್ ಓದಿ, ಹೆಸರುಗಳ ಪಟ್ಟಿ ಬರೆಸಿ, ಪರೀಕ್ಷೆಯಲ್ಲಿ ಅದನ್ನೇ ಕೇಳಿದರೆ ಯಾವ ಮಗುವಿಗೆ ತಾನೇ ಆಸಕ್ತಿ ಹುಟ್ಟುತ್ತೆ? ಅದಕ್ಕೆ ಪರಿಹಾರ ಪಾಠವನ್ನು ಸರಿಪಡಿಸುವುದು, ಕಡಿತ ಮಾಡುವುದಲ್ಲ. ನಾವು ಮಾಡಿದ್ದು ಕಡಿತ. ಒಂದೂವರೆ ವರ್ಷವಿದ್ದ ಮೊದಲ ಹಂತವನ್ನು ಮೆಡಿಕಲ್ ಕೌನ್ಸಿಲ್ಲಿನ 1997ರ ನಿಯಮಗಳು ಒಂದು ವರ್ಷಕ್ಕೆ ಇಳಿಸಿದವು.

ಕಲಿಸುವವರಾದರೂ ಎಲ್ಲಿಂದ ಬರಬೇಕು? ಪಿಜಿ ಸೀಟುಗಳಲ್ಲಿ ಪ್ರತಿ ವರ್ಷ ಖಾಲಿ ಬೀಳುವುದು ಹೆಚ್ಚಾಗಿ ಇವೇ ವಿಷಯಗಳದ್ದು. ಖಾಲಿ ಸೀಟು ತುಂಬಿಸಲಿಕ್ಕೆ 2023ರಲ್ಲಿ ನೀಟ್ ಪಿಜಿ ಕಟಾಫನ್ನು ಸೊನ್ನೆ ಪರ್ಸೆಂಟೈಲಿಗೇ ಇಳಿಸಿದರು, ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ಫಿಸಿಯಾಲಜಿಯನ್ನು ಇಷ್ಟಪಟ್ಟು ಆರಿಸಿಕೊಳ್ಳುವ ಹುಡುಗ ಹುಡುಗಿಯರಿಗೆ 'ರೇಡಿಯಾಲಜಿ ಸಿಗಲಿಲ್ವಾ?' ಅಂತ ಕೇಳುವ ನೆಂಟರಿರುವತನಕ, ಪ್ರಾಕ್ಟೀಸ್ ಮಾಡುವವರಿಗೆ ಹೋಲಿಸಿದರೆ ಅವರ ಸಂಬಳ ಏನೇನೂ ಅಲ್ಲ ಅನ್ನುವಂತಿರುವತನಕ ಆ ಸೀಟುಗಳು ತುಂಬುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೇಷ್ಟ್ರುಗಳು ವಾರಕ್ಕೊಂದು ಬೆಳಿಗ್ಗೆ ವಾರ್ಡಿಗೆ ಬರಲಿ, ನಮ್ಮ ಜತೆ ರೌಂಡ್ಸ್ ಮಾಡಲಿ. ಹೌಸ್ ಸರ್ಜನ್ಸಿಯಲ್ಲಿರುವವರನ್ನು ವಿಷ ಕುಡಿದವರ, ಹಾವು ಕಚ್ಚಿದವರ ಮಂಚದ ಪಕ್ಕ ನಿಲ್ಲಿಸಿ ಇದು ಯಾಕಾಯಿತು ಅಂತ ಆ ಮೇಷ್ಟ್ರುಗಳೇ ಕೇಳಲಿ. ಹಾಸನದಲ್ಲಿ ಕಾಲೇಜು ಮತ್ತು ಆಸ್ಪತ್ರೆ ಒಂದೇ ಆಡಳಿತದ ಕೆಳಗಿವೆ. ಇದಕ್ಕೆ ಹೊಸ ಹುದ್ದೆ, ಹೊಸ ಕಟ್ಟಡ ಬೇಡ, ಟೈಮ್‌ಟೇಬಲ್ಲಿನಲ್ಲಿ ಒಂದೆರಡು ಗಂಟೆ ಬಿಡಿಸಿಕೊಟ್ಟರೆ ಮುಂದಿನ ಬ್ಯಾಚಿನಿಂದಲೇ ಶುರುಮಾಡಬಹುದು.