ಉದುರುವ ಬಣ್ಣ, ಉದುರದ ಬಣ್ಣ

ಬಣ್ಣದ ಜಾತಿಯೇ ಹಾಗೆ. ಇರು ಅಂದರೆ ಉದುರುತ್ತದೆ, ಉದುರು ಅಂದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ನಮ್ಮ ಸೆಕೆಂಡ್ ಹ್ಯಾಂಡ್ ಕಾರಿನ ಅಲಾಯ್ ವೀಲುಗಳ (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳ) ಬಣ್ಣ ಪ್ರತಿ ಹಂಪಿನಲ್ಲೂ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಪೂರ್ತಿ ತೆಗೆದು ಹೊಸದು ಹೊಡೆಸೋಣ ಅಂತ ನಾನು ಸ್ಕ್ರೇಪರ್ ಹಿಡಿದು ಕೂತದ್ದೇ ತಡ, ಉಳಿದದ್ದೆಲ್ಲ ಸರ್ಕಾರಿ ನೌಕರಿ ಕಾಯಂ ಆದವರ ಹಾಗೆ ಜಾಗ ಬಿಟ್ಟು ಕದಲಲಿಲ್ಲ.

ಕಾರಿನ ಹಳೇ ಯಜಮಾನರು ರಸಿಕರು. ಮೇಲೆ ಕಂಡದ್ದು ಮ್ಯಾಟ್ ಕಪ್ಪು. ಉಗುರಲ್ಲಿ ಕೆರೆದರೆ ಕೆಳಗೆ ಗಿಳಿಹಸಿರು! ಹಸಿರು ನೋಡಿ ಮನೆಯವರು ಏನೋ ಅಂದಿರಬೇಕು, ಅದಕ್ಕೇ ಕಪ್ಪು. ಹಸಿರಿನಡಿ ಕಾರ್ಖಾನೆಯ ಸಿಲ್ವರ್. ಅದೂ ಕ್ಷೇಮವಾಗಿರಲಿಲ್ಲ. ಅಂಚಿಗೆ ಕಲ್ಲು ತಾಗಿದ ಕಡೆ ನೀರು ನುಗ್ಗಿ, ಮೇಲಿನ ಪಾರದರ್ಶಕ ಲೇಪ, ಅಂದರೆ ಲ್ಯಾಕರಿನ ಕೆಳಗೆ ಬಿಳಿ ಎಳೆ ಎಳೆಯಾಗಿ ಅಲ್ಯೂಮಿನಿಯಂ ಕೊಳೆಯುತ್ತಿತ್ತು. ಅದರ ಮೇಲೇ ಬಳಿದರೆ ಹೊಸ ಬಣ್ಣವೂ ಹಳೆಯದರ ಜೊತೆ ಎದ್ದು ಬರುತ್ತದೆ. ಲೋಹ ಕಾಣುವ ತನಕ ಇಳಿಯಲೇಬೇಕು.

ಟೈರ್ ಬಿಚ್ಚಿಸಿಕೊಂಡು, ಹಾರ್ಡ್‌ವೇರ್ ಅಂಗಡಿಗೆ ಹೋಗಿ ಪೇಂಟ್ ರಿಮೂವರ್ ಕೇಳಿದೆ.

"ಮನೆ ಗ್ರಿಲ್ಲಿಗಾ ಸಾರ್?"

"ಕಾರ್ ವೀಲಿಗೆ."

ಅವರು ಡಬ್ಬಿ ಕೊಡುವ ಮುಂಚೆ ನನ್ನನ್ನು ಒಂದು ಸಲ ನೋಡಿದರು. ಆ ನೋಟದಲ್ಲಿ ಕನಿಕರವಿತ್ತು.

ರಿಮೂವರ್ ಜೆಲ್ ಬಳಿದ ಮೊದಲ ಕೆಲವು ನಿಮಿಷ ಮಾತ್ರ ಈ ಕೆಲಸದಲ್ಲಿ ಸುಖ ಇರುವುದು. ಕಪ್ಪು ಬಣ್ಣ ಮೊದಲು ಬೆವೆತು, ಸುಕ್ಕಾಗಿ, ಆಮೇಲೆ ಗುಳ್ಳೆ ಗುಳ್ಳೆಯಾಗಿ ಎದ್ದು ನಿಂತಿತು. ಸ್ಕ್ರೇಪರ್ ತಾಗಿಸಿದರೆ ಹಸಿರನ್ನೂ ಕರೆದುಕೊಂಡು ಸುರುಳಿಯಾಗಿ ಬಂತು. ಸ್ಪ್ರೇ ಕ್ಯಾನಿನ ಬಣ್ಣಕ್ಕೆ ಅಷ್ಟೇ ತಾಕತ್ತು. ಸಿಲ್ವರ್ ಮಾತ್ರ ಜೆಲ್ ಮೈಗೆ ಸವರಿಸಿಕೊಂಡು ಇನ್ನಷ್ಟು ಹೊಳೆಯಿತು. ಎಷ್ಟೋ ಅಲಾಯ್‌ಗಳಿಗೆ ಕಾರ್ಖಾನೆಯಲ್ಲಿ ಪುಡಿ ಬಣ್ಣ ಸಿಂಪಡಿಸಿ 180–200 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ. ಅಂಥದ್ದು ನಮ್ಮ ಒಂದು ಡಬ್ಬಿಗೆ ಹೆದರೀತೇ?

ಅಂದಹಾಗೆ, ಹಳೇ ನಮೂನೆಯ ರಿಮೂವರಿನ ಜೀವಾಳ ಮಿಥಿಲೀನ್ ಕ್ಲೋರೈಡ್. ಸುಮಾರು 40 ಡಿಗ್ರಿಗೇ ಕುದಿಯುವ ದ್ರವ. ನಮ್ಮ ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಬಣ್ಣಕ್ಕೆ ಇಳಿಯುವ ಮೊದಲೇ ಆಕಾಶಕ್ಕೆ ಏರುತ್ತದೆ. ಅದಕ್ಕೇ ನೆರಳಲ್ಲಿಟ್ಟು ಮೇಲೆ ಪಾಲಿಥಿನ್ ಹೊದಿಸಬೇಕು. ಅದರ ಆವಿ ಕುಡಿದು ಜನ ಸತ್ತಿದ್ದಾರೆ. ಅಮೆರಿಕದಲ್ಲಿ 2019ರಲ್ಲೇ ಮನೆಬಳಕೆಯ ರಿಮೂವರಿನಲ್ಲಿ ಅದನ್ನು ನಿಷೇಧಿಸಿದರು. ಬಯಲಲ್ಲೇ ಕೂತು ಮಾಡಬೇಕಾದ ಕೆಲಸ. ತೆಳು ರಬ್ಬರ್ ಗ್ಲೌಸೂ ಅದಕ್ಕೆ ಲೆಕ್ಕವಿಲ್ಲ: ನನ್ನವು ಬೆರಳು ಬೆರಳೂ ಉಬ್ಬಿ, ಒಳಗಿನ ಕೈ ಚುರುಚುರು ಅಂದಿತು.

ಬಯಲಲ್ಲಿ ಕೂತರೆ ಇನ್ನೊಂದು ಕಷ್ಟ, ಬೀದಿಯವರಿಗೆಲ್ಲ ಕಾಣುತ್ತೇವೆ. ಪಕ್ಕದ ಮನೆಯ ನಿವೃತ್ತ ರಾಯರು ಗೇಟಿಗೆ ಒರಗಿದರು. "ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಪ್ಪಾ. ನಮ್ಮ ಕಿಟಕಿ ಸರಳು ಒಂದೇ ರಾತ್ರೀಲಿ ಕ್ಲೀನಾಯ್ತು." ನಾನು ಬಕೆಟ್ಟಿಗೆ ಎದ್ದೆ.

ಒಳಗಿಂದ ಅಮ್ಮನ ದನಿ ಬಂತು. "ಅದು ಅಲ್ಯೂಮಿನಿಯಂ ಅಲ್ವೇನೋ? ಸೋಡಾ ಹಾಕಿ ಕುದಿಸಿ ಒಂದು ಪಾತ್ರೆ ಕಪ್ಪು ಮಾಡ್ಕೊಂಡಿದೀನಿ ನಾನು. ಸುಮ್ನಿರು."

ರಸಾಯನಶಾಸ್ತ್ರ ಅಮ್ಮನ ಕಡೆಗಿತ್ತು. ಕಾಸ್ಟಿಕ್ ಸೋಡಾ ಕಬ್ಬಿಣವನ್ನು ಬಿಟ್ಟು ಬಣ್ಣ ತಿನ್ನುತ್ತದೆ. ಅಲ್ಯೂಮಿನಿಯಂ ಸಿಕ್ಕರೆ ಬುಸುಬುಸು ಹೈಡ್ರೋಜನ್ ಬಿಡುತ್ತಾ ಬಣ್ಣದ ಜೊತೆ ವೀಲನ್ನೂ ತಿನ್ನುತ್ತದೆ. ರಾಯರು ಸೋಲುವವರಲ್ಲ. ಸಂಜೆಗೆ ಡ್ರಿಲ್ಲಿಗೆ ಉಕ್ಕಿನ ವೈರ್ ಬ್ರಷ್ ಸಿಕ್ಕಿಸಿಕೊಂಡು ಬಂದರು. ಉಕ್ಕಿನ ಚೂರು ಮೆತ್ತನೆಯ ಅಲ್ಯೂಮಿನಿಯಮ್ಮಿನಲ್ಲಿ ಕೂತರೆ ಆಮೇಲೆ ಹೊಸ ಬಣ್ಣದ ಕೆಳಗೆ ತುಕ್ಕು ಹಿಡಿಯುತ್ತದೆ ಅಂದೆ. ಡ್ರಿಲ್ ವಾಪಸ್ ಒಯ್ದರು. ಈಗಲೂ ಮಾತು ಸ್ವಲ್ಪ ಕಮ್ಮಿ.

ನೈಲಾನ್ ಬ್ರಷ್ಷು, 80ರ ಒರಟು ಸ್ಯಾಂಡ್ ಪೇಪರು, ಆಮೇಲೆ ನುಣ್ಣನೆಯ 220, 400 ಅಂತ ಒಂದು ವೀಲಿನ ಮುಖವನ್ನು ಹೇಗೋ ಬಿಳಿ ಮಾಡಿದೆ. ಮುಖ ಸಲೀಸು. ನಟ್ ಕೂರುವ ಗುಣಿಗಳಿವೆಯಲ್ಲ, ಬೆರಳಿಗೆ ಚಿಕ್ಕದು, ಬ್ರಷ್ಷಿಗೆ ಆಳ. ಪೆನ್ಸಿಲಿಗೆ ಪೇಪರ್ ಸುತ್ತಿ ತಿರುವುತ್ತಾ ಕೂತರೆ ಗಿಳಿಹಸಿರು ಒಂದು ಉಂಗುರದಷ್ಟು ಉಳಿದು ನಗುತ್ತದೆ. ಒಳಮೈಯ 5 ಗ್ರಾಮಿನ ಬ್ಯಾಲೆನ್ಸಿಂಗ್ ತೂಕಗಳು (ಚಕ್ರ ಅದುರದಿರಲೆಂದು ಅಂಟಿಸುವ ಬಿಲ್ಲೆಗಳು) ಮಾತ್ರ ಯಾರೂ ಕೇಳದೆ ತಾವಾಗಿ ಕಳಚಿ ಬಿದ್ದಿದ್ದವು.

ಉಳಿದ ಮೂರನ್ನು ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವವರಿಗೆ ಕೊಟ್ಟೆ. ಒತ್ತಡ ಕಮ್ಮಿ ಇಟ್ಟು, ನುಣ್ಣನೆಯ ಗಾಜಿನ ಮಣಿ ಹೊಡೆದರು. ನಾನು ಟೀ ಕುಡಿದು ಬರುವಷ್ಟರಲ್ಲಿ ಗುಣಿಯೊಳಗಿನ ಹಸಿರು ಸಮೇತ ನಾಪತ್ತೆ. ನಾನು ಉಜ್ಜಿದ್ದನ್ನು ತೋರಿಸಿದೆ. "ಇದ್ಕೂ ಒಂದು ಕೈ ಹೊಡೆದುಬಿಡ್ಲಾ ಸಾರ್?" ಅಂದ ಹುಡುಗ, ಬಹಳ ಮರ್ಯಾದೆಯಿಂದ.

ಬರಿ ಅಲ್ಯೂಮಿನಿಯಮ್ಮಿನ ಮೇಲೆ ಗಾಳಿ ತಾಗುತ್ತಿದ್ದಂತೆ ಆಕ್ಸೈಡ್ ಪೊರೆ ಕಟ್ಟುತ್ತದೆ, ಅದಕ್ಕೆ ತಡಮಾಡದೆ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಚೂರು ಕೊರೆದು ಕಚ್ಚಿಕೊಳ್ಳುವ ಅಡಿಬಣ್ಣ, ಹೊಡೆಸಬೇಕು. ಬಣ್ಣ ಯಾವುದೆಂದು ಮನೆಯಲ್ಲಿ ಚರ್ಚೆ ನಡೆಯಿತು. ಮಗ ಕಪ್ಪು ಅಂದ. ಅಮ್ಮ "ಪಾತ್ರೆ ಥರ ಫಳಫಳ ಅಂತಿದೆ, ಹಾಗೇ ಬಿಡೋ" ಅಂದರು. ಕೊನೆಗೆ ಸಿಲ್ವರ್ ಹೊಡೆಸಿ ತಂದೆ.

ಹೆಂಡತಿ ಒಂದು ಸುತ್ತು ಬಂದು ನೋಡಿದಳು. "ಕೆಳಗಡೆ ಇದ್ದದ್ದೂ ಇದೇ ಬಣ್ಣ ಅಲ್ವೇನ್ರೀ?"

ನಾನು ಲ್ಯಾಕರ್, ನೀರು, ಬಿಳಿ ಎಳೆ ಅಂತ ಶುರುಮಾಡಿದೆ. ಕುಕ್ಕರ್ ಕೂಗದೇ ಇದ್ದರೂ ಕುಕ್ಕರ್ ಆರಿಸಬೇಕು ಅಂತ ಒಳಗೆ ಹೋದಳು.