ಕಿಟಕಿ ತೆರೆದರೆ ಪ್ರಬಂಧ ಕೆಡುತ್ತದೆ

ಬೆಂಗಳೂರಿನ ಕಟ್ಟಡಗಳ ಇಂಧನ ದಕ್ಷತೆಯ ಮೇಲೆ ಪಿಎಚ್‌.ಡಿಗೆ ಕೂರುವವರು ಮೊದಲು ಕಿಟಕಿಯನ್ನು ಮರೆಯಬೇಕು. ಕಿಟಕಿ ಇದ್ದರೆ ಗಾಳಿ ಬರುತ್ತದೆ, ಗಾಳಿ ಬಂದರೆ ಎಸಿ ಬೇಡವಾಗುತ್ತದೆ, ಎಸಿ ಬೇಡವಾದರೆ ಉಳಿಸುವುದಕ್ಕೆ ಕರೆಂಟೇ ಇರುವುದಿಲ್ಲ. ಆಮೇಲೆ ಪ್ರಬಂಧ ಯಾವುದರ ಮೇಲೆ ಬರೆಯುತ್ತೀರಿ?

ಹವೆಯೂ ಅಡ್ಡಗಾಲು ಹಾಕುತ್ತದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಕಟ್ಟಡಗಳಲ್ಲಿ ಇಂಧನ ಉಳಿಸಲೆಂದು ಕೇಂದ್ರ ಮಾಡಿದ ಇಸಿಬಿಸಿ ಸಂಹಿತೆ ಇದನ್ನು ಸಮಶೀತೋಷ್ಣ ವಲಯಕ್ಕೆ ಸೇರಿಸಿದೆ. ಈ ತೊಡಕನ್ನು ದಾಟುವುದು ಹೇಗೆಂದು ಔಟರ್ ರಿಂಗ್ ರೋಡ್ ತೋರಿಸಿಕೊಟ್ಟಿದೆ: ನೆಲದಿಂದ ಸೂರಿನವರೆಗೆ ಗಾಜು ಹೊಡೆಸಿ. ಪಶ್ಚಿಮಕ್ಕೆ 10 ಚದರ ಮೀಟರ್ ಗಾಜು, ಸಂಜೆ ಬಿಸಿಲು ಚದರ ಮೀಟರಿಗೆ 500 ವ್ಯಾಟ್ ಎಂದಿಟ್ಟುಕೊಳ್ಳಿ. ಶೇ 80ರಷ್ಟು ಶಾಖ ಬಿಡುವ ಸಾದಾ ಗಾಜಾದರೆ 4,000 ವ್ಯಾಟ್ ಒಳಗೆ. ಅದನ್ನು ಹೊರಹಾಕಲು ಒಂದು ಟನ್ ಎಸಿಯೂ ಸಾಲದು. ಈಗ ಶೇ 27ರಷ್ಟು ಮಾತ್ರ ಬಿಡುವ ದುಬಾರಿ ಡಬಲ್ ಗಾಜು ಕೂರಿಸಿ: 1,350 ವ್ಯಾಟ್. ಮೂರರಲ್ಲಿ ಎರಡು ಪಾಲು ಉಳಿತಾಯ! ಅಲ್ಲಿ ಗೋಡೆಯನ್ನೇ ಕಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಗಾಜು ಗೋಡೆಯ ಶೇ 40 ಮೀರಬಾರದೆಂದು 2017ರ ಸಂಹಿತೆಯಲ್ಲಿದೆಯಲ್ಲ ಎಂದು ಹೆದರಬೇಡಿ. ಇಡೀ ಕಟ್ಟಡದ ಇಂಧನ ಬಳಕೆಯನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿ ತೋರಿಸುವ ಇನ್ನೊಂದು ಬಾಗಿಲೂ ಅದರಲ್ಲೇ ಇದೆ.

ಸಜ್ಜದ ಸುದ್ದಿ ಎತ್ತಬೇಡಿ. ಡಿಸೆಂಬರ್ 21ರ ನಡುಹಗಲಲ್ಲಿ ಸೂರ್ಯ ಇಲ್ಲಿ ದಕ್ಷಿಣಕ್ಕೆ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡಡಿ ಸಜ್ಜದ ನೆರಳು ಎರಡೂವರೆ ಅಡಿಗೂ ಕೆಳಗಿಳಿಯುತ್ತದೆ. ಇಷ್ಟನ್ನು ಮೇಸ್ತ್ರಿ ಕಣ್ಣಂದಾಜಿನಲ್ಲೇ ಮಾಡಿಬಿಡುತ್ತಾರೆ. ನೀವು ತಲೆಮಾರಿನಿಂದ ತಲೆಮಾರಿಗೆ ಉತ್ತರವನ್ನು ತಿದ್ದುತ್ತ ಹೋಗುವ ಜೆನೆಟಿಕ್ ಆಲ್ಗರಿದಮ್ ಹಚ್ಚಿ, ಸಾವಿರಾರು ಸಲ ಓಡಿಸಿ, ಅದೇ ಎರಡಡಿಗೆ ಬನ್ನಿ. ಯುರೋಪಿನ ಪುಸ್ತಕ ನೋಡಿ ‘ಉತ್ತರಕ್ಕೆ ಬಿಸಿಲಿಲ್ಲ’ ಎಂದು ಬರೆದರೆ ಮಾತ್ರ ಸಿಕ್ಕಿಬೀಳುತ್ತೀರಿ: ಏಪ್ರಿಲ್ ಕೊನೆಯ ಶೂನ್ಯ ನೆರಳಿನ ದಿನದಿಂದ ಆಗಸ್ಟ್ 18ರ ಸುಮಾರಿನವರೆಗೆ ನಮ್ಮ ನಡುಹಗಲ ಸೂರ್ಯ ಉತ್ತರಕ್ಕೇ ಇರುತ್ತಾನೆ.

ಸದ್ಯದ ಹವಾ ಡಿಜಿಟಲ್ ಟ್ವಿನ್‌ನದು, ಅಂದರೆ ಕಟ್ಟಡಕ್ಕೊಂದು ಕಂಪ್ಯೂಟರ್ ಅವಳಿ. ಅವಳಿಯಲ್ಲಿ ಎಲ್ಲವೂ ಸುಸೂತ್ರ. ಎಸಿಗೆ ನೀರು ತಣ್ಣಗಾಗಿಸುವ ಯಂತ್ರವಾದ ಚಿಲ್ಲರ್‌ನಿಂದ ಹೊರಟ ನೀರು ಐದೂವರೆ ಡಿಗ್ರಿ ಬಿಸಿಯಾಗಿ ವಾಪಸ್ ಬರುತ್ತದೆ. ಪಂಪು 40 ಹರ್ಟ್ಸ್‌ಗಿಳಿದು ಲೆಕ್ಕದ ಪ್ರಕಾರ ಅರ್ಧದಷ್ಟು ಕರೆಂಟಿನಲ್ಲಿ ಓಡುತ್ತದೆ. ಬೇಸ್‌ಮೆಂಟಿನಲ್ಲಿರುವ ಅಸಲಿ ಪಂಪಿನ ವೇಗ ನಿಯಂತ್ರಿಸುವ ವಿಎಫ್‌ಡಿ ಮಾತ್ರ ‘ಮ್ಯಾನ್ಯುಯಲ್’ನಲ್ಲಿ, 50 ಹರ್ಟ್ಸ್‌ನ ಪೂರ್ತಿ ವೇಗದಲ್ಲಿ. ಪ್ರೆಷರ್ ಸೆನ್ಸರ್ ಕೆಟ್ಟಿದೆ, ಹೊಸದಕ್ಕೆ ಖರೀದಿ ಆದೇಶ (ಪಿಒ) ಆಗಿಲ್ಲ, ಆರನೇ ಮಹಡಿಯಿಂದ ‘ಸೆಕೆ’ ಎಂದು ಫೋನ್ ಬಂದಿದೆ. ಆಪರೇಟರ್ ಸ್ವಿಚ್ ತಿರುವಿ, ಮೇಲೆ ಸೆಲ್ಲೋಟೇಪ್ ಅಂಟಿಸಿ ‘ಮುಟ್ಟಬೇಡಿ’ ಎಂದು ಬರೆದಿದ್ದಾರೆ. ವಾಲ್ವುಗಳೂ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವುದರಿಂದ ನೀರು ಬೇಕಾದ್ದಕ್ಕಿಂತ ಹೆಚ್ಚು ಹರಿದು ಎರಡೇ ಡಿಗ್ರಿ ಬಿಸಿಯಾಗಿ ಮರಳುತ್ತದೆ; ಹರಿವು ಸಾಲದೆಂದು ಎರಡನೇ ಚಿಲ್ಲರೂ ಶುರು. ಸೆನ್ಸರ್ ಬದಲಿಸುವುದು ಮೆಂಟೆನೆನ್ಸ್, ಸಂಶೋಧನೆಯಲ್ಲ. ಅದಕ್ಕೆ ಗ್ರ್ಯಾಂಟ್ ಸಿಗುವುದಿಲ್ಲ.

ದೊಮ್ಮಲೂರಿನಲ್ಲಿರುವ, ಇಂಧನ ಸಂಶೋಧನಾ ಸಂಸ್ಥೆ ಟೆರಿಯ ಕಟ್ಟಡವನ್ನು ಉಲ್ಲೇಖಿಸುವುದೂ ಕ್ಷೇಮವಲ್ಲ. ಪಕ್ಕದಲ್ಲೇ ನಾರುವ ಕಾಲುವೆಯಿದ್ದರೂ ದಕ್ಷಿಣದ ಜೋಡಿಗೋಡೆಯ ನಡುವಿನ ಗಾಳಿ ಬಿಸಿಯಾಗಿ ಮೇಲೇರಿ, ಒಳಗಿನ ಸೆಕೆಯನ್ನು ಎಳೆದುಕೊಂಡು ಹೋಗುವ ಹಾಗೆ ಕಟ್ಟಿದ್ದಾರೆ. ಅಲ್ಗರಿದಮ್ಮಿಗೆ ಏನು ಕೆಲಸ ಉಳಿಯಿತು?

ಕೊನೆಗೆ ಸೌಕರ್ಯದ ಸಮೀಕ್ಷೆ. ಹೊರಗೆ 27, ಒಳಗೆ 22, ಕುರ್ಚಿ ಬೆನ್ನಿಗೆಲ್ಲ ಸ್ವೆಟರ್. ಮೈನಸ್ 3 ಅಂದರೆ ಕೊರೆಯುವ ಚಳಿ, ಪ್ಲಸ್ 3 ಅಂದರೆ ಕಡು ಸೆಕೆ ಎಂಬ ಮಾಪಕದಲ್ಲಿ ಸಿಬ್ಬಂದಿ ಸಾಲಾಗಿ ‘ಮೈನಸ್ 2’ ಒತ್ತುತ್ತಾರೆ. ಗಾಬರಿ ಬೇಡ: ಮಾದರಿ ಸರಿಯಿದೆ, ಜನ ಸರಿಯಿಲ್ಲ. ಇದಕ್ಕೆ ‘ಬಳಕೆದಾರರ ವರ್ತನೆ’ ಎಂಬ ಪ್ರತ್ಯೇಕ ಶಾಖೆಯೇ ಉಂಟು. ಅಂತಾರಾಷ್ಟ್ರೀಯ ಇಂಧನ ಏಜೆನ್ಸಿಯ ಆಶ್ರಯದಲ್ಲಿ 2013ರಿಂದ 2018ರವರೆಗೆ ‘ಆನೆಕ್ಸ್ 66’ ಎಂಬ ಯೋಜನೆಯೂ ನಡೆದಿದೆ. ದಪ್ಪನೆಯ ತುಂಬುತೋಳಿನ ಸ್ವೆಟರಿಗೆ 0.36 ಕ್ಲೋ (ಬಟ್ಟೆ ಎಷ್ಟು ಬೆಚ್ಚಗಿಡುತ್ತದೆಂಬ ಅಳತೆ) ಎಂದು ಮಾದರಿಯಲ್ಲಿ ತುಂಬಿ. ಚಳಿಯ ಅಂಕ ತಾನಾಗಿ ಇಳಿಯುತ್ತದೆ, ಥರ್ಮೋಸ್ಟಾಟ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.